ಅಮೆರಿಕದಲ್ಲಿ ‘ಬಿ ಫಾರಂ’ ಯಾರ ಕೈಯಲ್ಲಿದೆ?

ಇವತ್ತಿನ ಮಾತು ಅಮೆರಿಕದ ರಾಜಕೀಯದ ಬಗ್ಗೆ. ಟ್ರಂಪ್ ಏನಂದ್ರು, ಯಾವ ದೇಶಕ್ಕೆ ಎಷ್ಟು ಸುಂಕ ಹಾಕಿದ್ರು ಅನ್ನೋದನ್ನ ನೀವು ದಿನಾ ರೀಲ್ಸ್‌ನಲ್ಲಿ ನೋಡ್ತಾನೇ ಇರ್ತೀರಿ. ಅದನ್ನ ನಾನು ಮತ್ತೆ ಹೇಳೋಕೆ ಹೋಗಲ್ಲ. ಇವತ್ತು ಹೇಳೋದು ಟ್ರಂಪ್‌ಗೆ ಮತ ಹಾಕದವರ ಬಗ್ಗೆ. ಅವರಿಗೆ ತಾವೇ ಮತ ಹಾಕಿದ ಪಕ್ಷದ ಮೇಲೆ ಎಷ್ಟು ಸಿಟ್ಟಿದೆ, ಯಾಕಿದೆ ಅನ್ನೋದರ ಬಗ್ಗೆ. ಯಾಕಂದ್ರೆ ಆ ಸಿಟ್ಟಿರೋರಲ್ಲಿ ನಾನೂ ಒಬ್ಬಳು.

ನಾನು ತಿಪಟೂರಿನವಳು. ಇಪ್ಪತ್ತು ವರ್ಷದಿಂದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿದ್ದೀನಿ. ಕಾರಿನ ಬಿಡಿಭಾಗ ಮಾಡೋ ಕಂಪನಿಯಲ್ಲಿ ಕೆಲಸ. 2014ರಲ್ಲಿ ಅಮೆರಿಕದ ಪೌರತ್ವ ಸಿಕ್ತು. ಅಲ್ಲಿಂದ ಈಚೆಗೆ ಒಂದು ಚುನಾವಣೆಯನ್ನೂ ಬಿಟ್ಟಿಲ್ಲ. ಪ್ರತಿ ಸಲ ಡೆಮಾಕ್ರಟಿಕ್ ಪಕ್ಷಕ್ಕೇ ಹಾಕಿದ್ದೀನಿ. ಊರಲ್ಲಿರೋ ನಮ್ಮಣ್ಣ ಫೋನ್ ಮಾಡಿದಾಗೆಲ್ಲ ಒಂದೇ ಮಾತು: “ನಿಮ್ಮಲ್ಲಿ ಇರೋದೇ ಎರಡು ಪಕ್ಷ. ಒಂದು ಬೇಡ ಅಂದ್ರೆ ಇನ್ನೊಂದಕ್ಕೆ ಒತ್ತಿ ಬಾ. ಅದಕ್ಕೆ ಇಷ್ಟೊಂದು ತಲೆ ಯಾಕೆ ಕೆಡಿಸ್ಕೊಳ್ತೀಯೇ?”

ತಲೆ ಕೆಡೋದೇ ಅಲ್ಲಿ, ಅಣ್ಣ. ಅದನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು ‘ಪ್ರೋಗ್ರೆಸಿವ್’ ಅನ್ನೋ ಪದ. ಕನ್ನಡದಲ್ಲಿ ಪ್ರಗತಿಪರ ಅಂತೀವಿ. ಅಮೆರಿಕದಲ್ಲಿ ಈ ಪದ ಕೇಳಿದ ತಕ್ಷಣ ಕೆಲವರು ‘ಕಮ್ಯುನಿಸ್ಟ್’ ಅಂತ ಕೂಗ್ತಾರೆ. ಆದ್ರೆ ನಾನು ಕೇಳ್ತಿರೋದು ಏನು? ಕಾಯಿಲೆ ಬಂದ್ರೆ ಮನೆ ಮಾರೋ ಸ್ಥಿತಿ ಬರಬಾರದು. ಪೂರ್ತಿ ದಿನ ದುಡಿದವರಿಗೆ ಬಾಡಿಗೆ ಕಟ್ಟುವಷ್ಟು ಸಂಬಳ ಸಿಗಬೇಕು. ಮಗು ಹುಟ್ಟಿದ ತಾಯಿಗೆ ಸಂಬಳ ಸಹಿತ ರಜೆ ಬೇಕು. ಇಂಡಿಯಾದಲ್ಲಿ ಸಂಘಟಿತ ವಲಯದ ತಾಯಂದಿರಿಗೆ ಕಾನೂನಿನ ಪ್ರಕಾರ 26 ವಾರ ಹೆರಿಗೆ ರಜೆ ಇದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸೋ ಸಂಬಳ ಸಹಿತ ಹೆರಿಗೆ ರಜೆಯ ಕಾನೂನು ಇವತ್ತಿಗೂ ಇಲ್ಲ. ಹೇಳಿದ್ರೆ ನಮ್ಮೂರಲ್ಲಿ ಯಾರೂ ನಂಬಲ್ಲ.

ಈಗ ಸಿಟ್ಟಿನ ಲೆಕ್ಕಕ್ಕೆ ಬರೋಣ. ಒಂದೇ ಉದಾಹರಣೆ ಹಿಡಿದು ಹೇಳ್ತೀನಿ, ಕನಿಷ್ಠ ವೇತನ.

ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 7 ಡಾಲರ್ 25 ಸೆಂಟ್. ಈ ದರ ಜಾರಿಗೆ ಬಂದಿದ್ದು 2009ರ ಜುಲೈನಲ್ಲಿ. ಇವತ್ತಿಗೂ ಅಷ್ಟೇ. ನೀವು ಈಗ ಕಾಲೇಜಲ್ಲಿದ್ರೆ, ಆ ದರ ಬಂದಾಗ ಅಂಗನವಾಡಿಯಲ್ಲಿದ್ರಿ ಅಂದ್ಕೊಳ್ಳಿ. ವಾರಕ್ಕೆ 40 ಗಂಟೆಯಂತೆ, ಒಂದು ದಿನವೂ ರಜೆ ಹಾಕದೆ ವರ್ಷಪೂರ್ತಿ ದುಡಿದ್ರೆ 15,080 ಡಾಲರ್. ರೂಪಾಯಿಗೆ ತಿರುಗಿಸಿ ನೋಡಿದ್ರೆ ದೊಡ್ಡದು ಅನ್ಸತ್ತೆ. ತಿರುಗಿಸಬೇಡಿ. ಅಲ್ಲಿ ದುಡಿಯೋರು ಅಲ್ಲೇ ಬಾಡಿಗೆ ಕಟ್ಟಬೇಕು, ಅಲ್ಲೇ ಹಾಲು ಕೊಳ್ಳಬೇಕು. ನಮ್ಮ ಮಿಷಿಗನ್ ಸೇರಿ ಹಲವು ರಾಜ್ಯಗಳು ತಮ್ಮದೇ ಹೆಚ್ಚಿನ ದರ ಇಟ್ಟಿವೆ. ಆದ್ರೆ ಸುಮಾರು 20 ರಾಜ್ಯಗಳಲ್ಲಿ ಇವತ್ತಿಗೂ 7 ಡಾಲರ್ 25 ಸೆಂಟೇ ಕನಿಷ್ಠ.

2020ರ ಚುನಾವಣೆಯಲ್ಲಿ ಬೈಡನ್ ಇದನ್ನ 15 ಡಾಲರ್ ಮಾಡ್ತೀವಿ ಅಂದ್ರು. ಗೆದ್ರು. ಅಧ್ಯಕ್ಷರ ಕುರ್ಚಿ ಡೆಮಾಕ್ರಟರದ್ದು, ಕೆಳಮನೆ ಡೆಮಾಕ್ರಟರದ್ದು. ಸೆನೆಟ್‌ನಲ್ಲಿ 50-50 ಬಂದು, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ನಿರ್ಣಾಯಕ ಮತದಿಂದ ಅದೂ ಅವರದ್ದೇ. ಮೂರೂ ಕೈಯಲ್ಲಿದೆ. 2021ರ ಮಾರ್ಚ್ 5ಕ್ಕೆ ಸೆನೆಟ್‌ನಲ್ಲಿ ಬರ್ನಿ ಸ್ಯಾಂಡರ್ಸ್ 15 ಡಾಲರ್ ಪ್ರಸ್ತಾಪ ತಂದ್ರು. ಫಲಿತಾಂಶ: ಪರ 42, ವಿರುದ್ಧ 58. ರಿಪಬ್ಲಿಕನ್ನರು ವಿರುದ್ಧ ಹಾಕಿದ್ರು, ಅದು ಗೊತ್ತಿದ್ದದ್ದೇ. ಆದ್ರೆ ನಮ್ಮ ಕಡೆಯಿಂದಲೇ ಎಂಟು ಜನ ವಿರುದ್ಧ ಹಾಕಿದ್ರು. ಏಳು ಡೆಮಾಕ್ರಟರು, ಜೊತೆಗೆ ಡೆಮಾಕ್ರಟರ ಸಾಲಲ್ಲಿ ಕೂರೋ ಒಬ್ಬ ಪಕ್ಷೇತರ.

ಇನ್ನೊಂದು ಉದಾಹರಣೆ. ಅದೇ 2021ರಲ್ಲಿ ಒಂದು ಒಳ್ಳೆ ಕೆಲಸ ಆಯ್ತು. ಆರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಡಾಲರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 3,000 ಡಾಲರ್ ಕೊಡೋ ಯೋಜನೆ. ಅದರ ಅರ್ಧ ದುಡ್ಡು ಜುಲೈಯಿಂದ ಡಿಸೆಂಬರ್‌ವರೆಗೆ ಪ್ರತಿ ತಿಂಗಳು ಸೀದಾ ಅಪ್ಪ ಅಮ್ಮಂದಿರ ಖಾತೆಗೆ ಬಂತು. ಗೃಹಲಕ್ಷ್ಮಿ ದುಡ್ಡು ಖಾತೆಗೆ ಬೀಳೋ ಥರಾನೇ ಅಂದ್ಕೊಳ್ಳಿ. ಅಮೆರಿಕದ ಜನಗಣತಿ ಇಲಾಖೆಯ ಲೆಕ್ಕದ ಪ್ರಕಾರ ಆ ವರ್ಷ ಮಕ್ಕಳ ಬಡತನ ಶೇ 5.2ಕ್ಕೆ ಇಳೀತು. ಅವರ ಆ ಲೆಕ್ಕದಲ್ಲಿ ಅಷ್ಟು ಕೆಳಗೆ ಹಿಂದೆಂದೂ ಇಳಿದಿರಲಿಲ್ಲ.

ಆಮೇಲೆ? ಡಿಸೆಂಬರ್‌ನಲ್ಲಿ ಅದನ್ನ ಮುಂದುವರಿಸಬೇಕಿತ್ತು. ವೆಸ್ಟ್ ವರ್ಜೀನಿಯಾದ ಡೆಮಾಕ್ರಟಿಕ್ ಸೆನೆಟರ್ ಜೋ ಮ್ಯಾಂಚಿನ್ ಒಂದು ಭಾನುವಾರ ಟಿವಿಯಲ್ಲಿ ಕೂತು, ಆ ಮಸೂದೆಗೆ ಮತ ಹಾಕಲ್ಲ ಅಂದ್ರು. ಅಲ್ಲಿಗೆ ಮುಗೀತು. ದುಡ್ಡು ನಿಂತಿತು. 2022ರಲ್ಲಿ ಮಕ್ಕಳ ಬಡತನ ಶೇ 12.4ಕ್ಕೆ ಏರಿತು. ಒಂದೇ ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚು.

ಇದನ್ನ ಕೇಳಿದ್ರೆ ಪಕ್ಷದವರು ಹೇಳೋದು ಒಂದೇ: “ನಮ್ಮ ಹತ್ರ ನಂಬರ್ ಇಲ್ಲ.”

ನ್ಯಾಯವಾಗಿ ಹೇಳಬೇಕು ಅಂದ್ರೆ, ಈ ಮಾತಲ್ಲಿ ನಿಜ ಇದೆ. ಅಮೆರಿಕದ ಸೆನೆಟ್ ಒಂದು ವಿಚಿತ್ರ ಸಭೆ. 100 ಸದಸ್ಯರು, ಪ್ರತಿ ರಾಜ್ಯಕ್ಕೆ ಇಬ್ಬರು. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 3.9 ಕೋಟಿ ಜನ, ಅವರಿಗೂ ಇಬ್ಬರು. ವಯೋಮಿಂಗ್‌ನಲ್ಲಿ 6 ಲಕ್ಷ ಜನವೂ ಇಲ್ಲ, ಅವರಿಗೂ ಇಬ್ಬರು. ಇದರ ಮೇಲೆ ಫಿಲಿಬಸ್ಟರ್ ಅನ್ನೋ ನಿಯಮ. ಹೆಚ್ಚಿನ ಮಸೂದೆಗಳು ಮತಕ್ಕೆ ಬರಬೇಕಾದ್ರೇನೇ 60 ಜನ ಒಪ್ಪಬೇಕು. 51 ಇದ್ರೆ ಸಾಲದು. ನಮ್ಮ ವಿಧಾನಸಭೆಯಲ್ಲಿ ಬಹುಮತ ಇರೋ ಸರ್ಕಾರ ಒಂದು ಮಸೂದೆ ಪಾಸ್ ಮಾಡೋಕೆ ಶೇ 60 ಶಾಸಕರು ಕೈ ಎತ್ತಬೇಕು ಅಂತಿದ್ರೆ ಹೇಗಿರುತ್ತೆ ಊಹಿಸಿ.

ಆದ್ರೆ ಫಿಲಿಬಸ್ಟರ್ ಸಂವಿಧಾನದಲ್ಲಿ ಬರೆದಿರೋದಲ್ಲ. ಸೆನೆಟ್ ತಾನೇ ಮಾಡ್ಕೊಂಡಿರೋ ನಿಯಮ, ತಾನೇ ಬದಲಿಸಬಹುದು. 2022ರ ಜನವರಿಯಲ್ಲಿ ಮತದಾನದ ಹಕ್ಕಿನ ಮಸೂದೆಗೋಸ್ಕರ ಅದನ್ನ ಸಡಿಲಿಸೋ ಪ್ರಯತ್ನ ಆಯ್ತು. 48-52ರಲ್ಲಿ ಸೋತಿತು. ತಡೆದ ಡೆಮಾಕ್ರಟರು ಇಬ್ಬರು, ಮ್ಯಾಂಚಿನ್ ಮತ್ತು ಕಿರ್ಸ್ಟನ್ ಸಿನೆಮಾ.

ಪೂರ್ತಿ ಏನೂ ಆಗಿಲ್ಲ ಅಂತ ನಾನು ಹೇಳಲ್ಲ. 2022ರ ಆಗಸ್ಟ್‌ನಲ್ಲಿ ಬಂದ ಕಾನೂನಿನಿಂದ ಮೆಡಿಕೇರ್‌ನಲ್ಲಿರೋ ಹಿರಿಯರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದು ಅಂತಾಯ್ತು. ಔಷಧ ಕಂಪನಿಗಳ ಜೊತೆ ಸರ್ಕಾರ ದರ ಚೌಕಾಸಿ ಮಾಡೋ ಅಧಿಕಾರ ಬಂತು. ಅದು ಸಣ್ಣ ವಿಷಯ ಅಲ್ಲ. ಮತ ಹಾಕಿದ್ದಕ್ಕೆ ಸಿಕ್ಕಿದ್ದು ಅದು.

ಆದ್ರೆ ಕಳೆದ ವರ್ಷ ಆದದ್ದು ನೋಡಿ. 2025ರ ಜುಲೈ 4ಕ್ಕೆ ಟ್ರಂಪ್ ತಮ್ಮ ದೊಡ್ಡ ಮಸೂದೆಗೆ ಸಹಿ ಹಾಕಿದ್ರು. ಬಡವರ ಆರೋಗ್ಯ ಯೋಜನೆ ಮೆಡಿಕೈಡ್‌ಗೆ ಕತ್ತರಿ ಬಿತ್ತು. ಇದರಿಂದ 2034ರ ಹೊತ್ತಿಗೆ ಸುಮಾರು 1 ಕೋಟಿ ಜನ ವಿಮೆ ಕಳ್ಕೊಳ್ತಾರೆ ಅಂತ ಸಂಸತ್ತಿನದ್ದೇ ಬಜೆಟ್ ಕಚೇರಿ ಅಂದಾಜು ಮಾಡಿತು. ಇನ್ನೊಂದು ಕಡೆ, ಸ್ವಂತವಾಗಿ ವಿಮೆ ಕೊಳ್ಳೋರಿಗೆ ಸಿಗ್ತಿದ್ದ ಹೆಚ್ಚುವರಿ ಸಬ್ಸಿಡಿ ವರ್ಷದ ಕೊನೆಗೆ ಮುಗಿಯೋದಿತ್ತು. ಡೆಮಾಕ್ರಟರು ಈ ಸಲ ಗಟ್ಟಿಯಾಗಿ ನಿಂತ್ರು. ಸಬ್ಸಿಡಿ ಮುಂದುವರಿಸದಿದ್ರೆ ಖರ್ಚಿನ ಮಸೂದೆಗೆ ಒಪ್ಪಲ್ಲ ಅಂದ್ರು. ಅಕ್ಟೋಬರ್ 1ರಿಂದ ಸರ್ಕಾರ ಬಂದ್ ಆಯ್ತು. 43 ದಿನ. ಅಲ್ಲಿವರೆಗಿನ ಅಮೆರಿಕದ ಇತಿಹಾಸದಲ್ಲೇ ಅತಿ ಉದ್ದದ್ದು. ಸರ್ಕಾರಿ ನೌಕರರು ಸಂಬಳ ಇಲ್ಲದೆ ಕೂತ್ರು. ವಿಮಾನ ನಿಲ್ದಾಣಗಳಲ್ಲಿ ಕ್ಯೂ ಬೆಳೀತು. ಬಡವರ ಆಹಾರ ನೆರವು ಅರ್ಧಕ್ಕೆ ನಿಂತಿತು. ಇಷ್ಟು ನೋವು ತಿಂದ ಮೇಲೆ ನವೆಂಬರ್ 9ಕ್ಕೆ ನಮ್ಮ ಕಡೆಯ ಎಂಟು ಸೆನೆಟರುಗಳು ರಿಪಬ್ಲಿಕನ್ನರ ಜೊತೆ ಸೇರಿ ಮತ ಹಾಕಿದ್ರು. ಸಬ್ಸಿಡಿ ಬರಲಿಲ್ಲ. ಮುಂದೆ ಅದರ ಬಗ್ಗೆ ಮತಕ್ಕೆ ಹಾಕ್ತೀವಿ ಅನ್ನೋ ಮಾತು ಮಾತ್ರ ಸಿಕ್ತು. ಡಿಸೆಂಬರ್‌ನಲ್ಲಿ ಮತಕ್ಕೆ ಹಾಕಿದ್ರು, ಸೋತಿತು. ವರ್ಷದ ಕೊನೆಗೆ ಸಬ್ಸಿಡಿ ಮುಗೀತು.

2021ರಲ್ಲೂ ಎಂಟು, 2025ರಲ್ಲೂ ಎಂಟು. ನಾನು ಎರಡೂ ಪಟ್ಟಿ ಪಕ್ಕ ಪಕ್ಕ ಇಟ್ಟು ನೋಡಿದೆ. ಮೂರು ಹೆಸರು ಎರಡರಲ್ಲೂ ಇವೆ: ನ್ಯೂ ಹ್ಯಾಂಪ್‌ಷೈರ್‌ನ ಜೀನ್ ಶಹೀನ್ ಮತ್ತು ಮ್ಯಾಗಿ ಹಾಸನ್, ಮೇಯ್ನ್ ರಾಜ್ಯದ ಆಂಗಸ್ ಕಿಂಗ್. ಇನ್ನೊಂದು ವಿಷಯ ಗಮನಿಸಿ. 2025ರಲ್ಲಿ ಆ ಕಡೆ ಹೋದ ಎಂಟು ಜನರಲ್ಲಿ ಒಬ್ಬರೂ 2026ರ ಚುನಾವಣೆ ಎದುರಿಸ್ತಿಲ್ಲ. ಇಬ್ಬರು ನಿವೃತ್ತಿ ಘೋಷಿಸಿದ್ರು, ಉಳಿದವರ ಅವಧಿ ಇನ್ನೂ ಇದೆ. ಅಂದ್ರೆ ಮತದಾರರ ಮುಂದೆ ಸದ್ಯಕ್ಕೆ ನಿಲ್ಲಬೇಕಾಗಿಲ್ಲದವರೇ ಮುಂದೆ ಬಂದ್ರು.

ಇದು ಕಾಕತಾಳೀಯ ಅಂತ ನಂಗೆ ಅನ್ಸಲ್ಲ. ನನ್ನ ಇವತ್ತಿನ ಮಾತಿನ ತಿರುಳೂ ಇದೇ. ರಾಜಕಾರಣಿ ಯಾರಿಗೆ ಹೆದರ್ತಾರೆ ಅನ್ನೋದು ಯಾರಿಗೆ ಮಾತು ಕೊಟ್ರು ಅನ್ನೋದಕ್ಕಿಂತ ಮುಖ್ಯ.

ಸರಿ, ಇಷ್ಟು ಸಿಟ್ಟಿದ್ರೆ ಏನು ಮಾಡಬೇಕು? ಎರಡು ದಾರಿ ತಕ್ಷಣ ಹೊಳೆಯುತ್ತೆ. ಒಂದು, ಮನೇಲಿ ಕೂರೋದು. ಇನ್ನೊಂದು, ಮೂರನೇ ಪಕ್ಷಕ್ಕೆ ಹಾಕೋದು.

2024ರ ಅಕ್ಟೋಬರ್‌ನಲ್ಲಿ ನಾನು ಹ್ಯಾರಿಸ್ ಪರವಾಗಿ ಮನೆ ಮನೆಗೆ ಹೋಗ್ತಿದ್ದೆ. ಒಂದು ಮನೆಯಲ್ಲಿ ಒಬ್ಬ ಹುಡುಗ ಬಾಗಿಲು ತೆಗೆದ. ಇಪ್ಪತ್ತೈದು ಇರಬಹುದು. ಹಗಲು ಗೋದಾಮಿನಲ್ಲಿ ಕೆಲಸ, ರಾತ್ರಿ ಊಟ ಡೆಲಿವರಿ. ನಮ್ಮ ಸ್ವಿಗ್ಗಿ ಹುಡುಗರ ಥರಾನೇ. ಅವನು ಜಗಳ ಆಡಲಿಲ್ಲ. “ಮೇಡಂ, ಹೋದ ಸಲ ನಿಮ್ಮವರಿಗೇ ಹಾಕಿದ್ದೆ. ನನ್ನ ಬಾಡಿಗೆ ಏರಿದ್ದು ಬಿಟ್ರೆ ಏನೂ ಬದಲಾಗಲಿಲ್ಲ. ಈ ಸಲ ಯಾರಿಗೂ ಹಾಕಲ್ಲ,” ಅಂದ. ಟ್ರಂಪ್ ಬಂದ್ರೆ ಏನಾಗುತ್ತೆ ಗೊತ್ತಾ ಅಂತ ಕೇಳಿದೆ. “ಗೊತ್ತು. ಆದ್ರೆ ನೀವು ಬಂದ್ರೆ ಏನಾಗುತ್ತೆ, ಅದನ್ನ ಹೇಳಿ,” ಅಂದ. ನನ್ನ ಕೈಯಲ್ಲಿದ್ದ ಕರಪತ್ರದಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಟ್ರಂಪ್ ಬಗ್ಗೆಯೇ ಬರೆದಿತ್ತು.

ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ. ಹಾಗೇನೇ ಡಿಯರ್‌ಬಾರ್ನ್ ಜನರ ಮೇಲೂ. ನಮ್ಮ ಪಕ್ಕದ ಊರದು, ಅರಬ್ ಮೂಲದ ಅಮೆರಿಕನ್ನರು ಹೆಚ್ಚಿರೋ ಊರು. ಗಾಜಾದಲ್ಲಿ ಬಂಧುಗಳನ್ನ ಕಳ್ಕೊಂಡವರಿಗೆ, ಅಲ್ಲಿ ಬೀಳ್ತಿರೋ ಬಾಂಬ್ ಕಳಿಸ್ತಿರೋ ಸರ್ಕಾರಕ್ಕೇ ಮತ ಹಾಕಿ ಅಂತ ಯಾವ ಬಾಯಲ್ಲಿ ಕೇಳೋದು? 2024ರಲ್ಲಿ ಆ ಊರಲ್ಲಿ ಹ್ಯಾರಿಸ್‌ಗಿಂತ ಟ್ರಂಪ್‌ಗೇ ಹೆಚ್ಚು ಮತ ಬಿತ್ತು. ಮೂರನೇ ಪಕ್ಷದ ಜಿಲ್ ಸ್ಟೈನ್‌ಗೂ ಸಾಕಷ್ಟು ಬಿತ್ತು.

ಆದ್ರೆ ಲೆಕ್ಕ ಕರುಣೆ ತೋರಿಸಲ್ಲ. 2000ದಲ್ಲಿ ಫ್ಲೋರಿಡಾದಲ್ಲಿ ಬುಷ್ ಗೆದ್ದಿದ್ದು 537 ಮತದಲ್ಲಿ. ಎಡಪಂಥೀಯ ಮೂರನೇ ಅಭ್ಯರ್ಥಿ ರಾಲ್ಫ್ ನೇಡರ್‌ಗೆ ಅಲ್ಲಿ 97,000ಕ್ಕೂ ಹೆಚ್ಚು ಮತ ಬಿದ್ದಿತ್ತು. ಆ 537 ಮತದಿಂದ ಅಧ್ಯಕ್ಷ ಯಾರು ಅಂತ ತೀರ್ಮಾನ ಆಯ್ತು, ಆಮೇಲೆ ಇರಾಕ್ ಯುದ್ಧ ಬಂತು. 2016ರಲ್ಲಿ ನಮ್ಮ ಮಿಷಿಗನ್‌ನಲ್ಲಿ ಟ್ರಂಪ್ ಗೆದ್ದ ಅಂತರ 10,704 ಮತ. ದೇಶದಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದ್ರೂ ಅಧ್ಯಕ್ಷರಾಗಿದ್ದು ಟ್ರಂಪ್. ಆ ಅವಧಿಯಲ್ಲಿ ಅವರು ಸುಪ್ರೀಂ ಕೋರ್ಟಿಗೆ ಮೂವರು ನ್ಯಾಯಮೂರ್ತಿಗಳನ್ನ ನೇಮಿಸಿದ್ರು. 2022ರ ಜೂನ್‌ನಲ್ಲಿ ಗರ್ಭಪಾತದ ಹಕ್ಕು ಹೋಯ್ತು. ಸುಮಾರು ಐವತ್ತು ವರ್ಷದಿಂದ ಇದ್ದ ಹಕ್ಕು.

ಇಲ್ಲಿ ನಮ್ಮಣ್ಣನ ಇನ್ನೊಂದು ಪ್ರಶ್ನೆ ಬರುತ್ತೆ. ಕರ್ನಾಟಕದಲ್ಲಿ ಮೂರನೇ ಪಕ್ಷಕ್ಕೆ ಬೆಲೆ ಇದೆಯಲ್ಲ? ಇದೆ. 2018ರಲ್ಲಿ 37 ಸೀಟು ಗೆದ್ದ ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿ ಆದ್ರು. ಯಾಕಂದ್ರೆ ನಮ್ಮಲ್ಲಿ ಚುನಾವಣೆ ಆದ್ಮೇಲೆ ಸಮ್ಮಿಶ್ರ ಸರ್ಕಾರ ಮಾಡೋಕೆ ಜಾಗ ಇದೆ. ಅಮೆರಿಕದಲ್ಲಿ ಅಧ್ಯಕ್ಷರ ಕುರ್ಚಿ ಒಂದೇ. ಮೂರನೇ ಪಕ್ಷ ಆ ಕುರ್ಚಿಯಲ್ಲಿ ಪಾಲು ಕೇಳೋ ಹಾಗಿಲ್ಲ. ಹಾಗಾಗಿ ಅಲ್ಲಿ ಮೈತ್ರಿ, ಹೊಂದಾಣಿಕೆ, ಜಗಳ ಎಲ್ಲಾ ಪಕ್ಷದ ಒಳಗೇ, ಚುನಾವಣೆಗೆ ಮುಂಚೆಯೇ ನಡೀಬೇಕು.

ಅದು ನಡೆಯೋ ಜಾಗದ ಹೆಸರು ಪ್ರೈಮರಿ.

ಪ್ರೈಮರಿ ಅಂದ್ರೇನು? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಿ ಫಾರಂ ಯಾರಿಗೆ ಅಂತ ತೀರ್ಮಾನ ಮಾಡೋ ಚುನಾವಣೆ. ನಮ್ಮಲ್ಲಿ ಟಿಕೆಟ್ ಹಂಚಿಕೆ ಹೇಗೆ ಅಂತ ನಿಮಗೆ ಗೊತ್ತು. ಬೆಂಗಳೂರಲ್ಲಿ ಪಟ್ಟಿ, ದೆಹಲಿಯಲ್ಲಿ ಹೈಕಮಾಂಡ್, ಕೊನೇ ಗಳಿಗೆಯಲ್ಲಿ ಬಂಡಾಯ. ನಮ್ಮಣ್ಣ ಒಂದು ಸಲ ತಾಲೂಕು ಪಂಚಾಯ್ತಿಗೆ ನಿಲ್ಲಬೇಕು ಅಂತ ಎರಡು ವರ್ಷ ಓಡಾಡಿದ. ನಾಮಪತ್ರದ ಕೊನೇ ದಿನ ಬಿ ಫಾರಂ ಇನ್ಯಾರ ಕೈಗೋ ಹೋಯ್ತು. ಯಾಕೆ ಅಂತ ಯಾರೂ ಹೇಳಲಿಲ್ಲ. ಕೇಳೋಕೆ ಒಂದು ಜಾಗವೂ ಇರಲಿಲ್ಲ.

ಅಮೆರಿಕದಲ್ಲಿ ಆ ಜಾಗ ಇದೆ. ಅಲ್ಲಿ ಬಿ ಫಾರಂ ಕೊಡೋದು ಮತದಾರರು. ಮಿಷಿಗನ್‌ನಲ್ಲಂತೂ ನೀವು ಪಕ್ಷದ ಸದಸ್ಯರಾಗಿರಬೇಕು ಅಂತಲೂ ಇಲ್ಲ. ಪ್ರೈಮರಿ ದಿನ ಒಂದು ಪಕ್ಷದ ಕಾಲಂ ಆರಿಸಿ, ಅದರಲ್ಲಿ ನಿಮಗೆ ಬೇಕಾದವರಿಗೆ ಗುರುತು ಹಾಕಿದ್ರೆ ಆಯ್ತು.

ತಮಾಷೆ ಅಂದ್ರೆ, ನವೆಂಬರ್‌ನಲ್ಲಿ ಉದ್ದುದ್ದ ಸಾಲಲ್ಲಿ ನಿಲ್ಲೋ ಜನ ಪ್ರೈಮರಿ ದಿನ ಕಾಣಲ್ಲ. ಮತಗಟ್ಟೆ ಖಾಲಿ ಖಾಲಿ. ಬರೋರಲ್ಲಿ ಹೆಚ್ಚಿನವರು ನಿವೃತ್ತರು, ಪಕ್ಷದ ಹಳಬರು. ಅಷ್ಟು ಕಮ್ಮಿ ಜನ ಬಂದಾಗ ಪ್ರತಿ ಮತದ ತೂಕ ಎಷ್ಟಾಗುತ್ತೆ ನೋಡಿ.

2018ರ ಜೂನ್. ನ್ಯೂಯಾರ್ಕ್‌ನ ಒಂದು ಕ್ಷೇತ್ರ. ಹತ್ತು ಸಲ ಗೆದ್ದಿದ್ದ ಜೋ ಕ್ರೌಲಿ, ಕೆಳಮನೆಯಲ್ಲಿ ಡೆಮಾಕ್ರಟರ ನಾಲ್ಕನೇ ದೊಡ್ಡ ನಾಯಕ. ಅವರ ಎದುರು 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್. ಸ್ವಲ್ಪ ದಿನದ ಹಿಂದಿನವರೆಗೂ ಬಾರ್‌ನಲ್ಲಿ ಕೆಲಸ ಮಾಡ್ತಿದ್ದವರು. ಸುಮಾರು 7 ಲಕ್ಷ ಜನಸಂಖ್ಯೆ ಇರೋ ಕ್ಷೇತ್ರದಲ್ಲಿ ಪ್ರೈಮರಿಗೆ ಮತ ಹಾಕಿದ್ದು 30 ಸಾವಿರಕ್ಕೂ ಕಮ್ಮಿ ಜನ. ಅವರು ಗೆದ್ದಿದ್ದು ಸುಮಾರು 17 ಸಾವಿರ ಮತದಿಂದ. ಅಷ್ಟೇ! ನಮ್ಮಲ್ಲಿ ಅಷ್ಟು ಮತ ತಗೊಂಡ್ರೆ ವಿಧಾನಸಭೆಗೂ ಗೆಲ್ಲೋದು ಕಷ್ಟ.

ನಮ್ಮ ಡೆಟ್ರಾಯಿಟ್‌ನದ್ದೇ ಇನ್ನೊಂದು ಉದಾಹರಣೆ, ನಿಮಗೆ ಹತ್ತಿರದ್ದು. ಮಿಷಿಗನ್‌ನ 13ನೇ ಕ್ಷೇತ್ರದ ಸಂಸದ ಶ್ರೀ ಥಾಣೇದಾರ್ ಹುಟ್ಟಿದ್ದು ನಮ್ಮ ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಆ ಕ್ಷೇತ್ರದಲ್ಲಿ ಡೆಮಾಕ್ರಟರು ನವೆಂಬರ್‌ನಲ್ಲಿ ಸೋಲೋ ಪ್ರಶ್ನೆಯೇ ಇಲ್ಲ. ಪ್ರೈಮರಿ ಗೆದ್ದವರೇ ಸಂಸದ. 2022ರ ಆಗಸ್ಟ್ ಪ್ರೈಮರಿಯಲ್ಲಿ ಒಂಬತ್ತು ಜನ ನಿಂತಿದ್ರು. ಥಾಣೇದಾರ್ ಸ್ವಂತ ದುಡ್ಡು ಮಿಲಿಯನ್‌ಗಟ್ಟಲೆ ಡಾಲರ್ ಹಾಕಿದ್ರು, ಸುಮಾರು ಶೇ 28 ಮತದಿಂದ ಗೆದ್ರು. ಅದು ನಿಯಮದ ಪ್ರಕಾರವೇ ಆದ ಗೆಲುವು. ಆದ್ರೆ ಆ ಪ್ರೈಮರಿಗೆ ಬಂದವರಲ್ಲೇ ಶೇ 70ಕ್ಕೂ ಹೆಚ್ಚು ಜನ ಬೇರೆಯವರನ್ನ ಕೇಳಿದ್ರು. ಕಪ್ಪು ಜನರೇ ಬಹುಸಂಖ್ಯಾತರಾಗಿರೋ ಡೆಟ್ರಾಯಿಟ್‌ಗೆ 1955ರ ನಂತರ ಮೊದಲ ಬಾರಿ ಕಪ್ಪು ಸಂಸದರೇ ಇಲ್ಲದ ಹಾಗಾಯ್ತು. ಊರಿನವರು ಗೆದ್ರು ಅಂತ ಚಿಕ್ಕೋಡಿಯಲ್ಲಿ ಖುಷಿಪಡೋದು ಸಹಜ. ಡೆಟ್ರಾಯಿಟ್‌ನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಆವತ್ತು ಉಳಿದವರೆಲ್ಲ ಎಲ್ಲಿದ್ರು?

ಈ ಪ್ರೈಮರಿಯ ಬೆಲೆ ನಮಗೆ ಗೊತ್ತಿಲ್ಲದಿದ್ರೂ ದುಡ್ಡಿರೋರಿಗೆ ಚೆನ್ನಾಗಿ ಗೊತ್ತು. 2024ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಪ್ರಗತಿಪರ ಸಂಸದ ಜಮಾಲ್ ಬೋಮನ್ ಅವರನ್ನ ಪ್ರೈಮರಿಯಲ್ಲಿ ಸೋಲಿಸೋಕೆ ಇಸ್ರೇಲ್ ಪರ ಲಾಬಿಯ ಒಂದು ಗುಂಪು 1 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಸುರಿಯಿತು. ಸೋತ್ರು. ಆಗಸ್ಟ್‌ನಲ್ಲಿ ಮಿಸೌರಿಯ ಕೋರಿ ಬುಷ್ ಕೂಡ ಹಾಗೇ ಸೋತ್ರು. 2010ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಂಥ ಹೊರಗಿನ ಖರ್ಚಿಗೆ ಮಿತಿಯೇ ಇಲ್ಲ. ಪ್ರೈಮರಿಗೆ ಬೆಲೆ ಇಲ್ಲ ಅಂತಿದ್ರೆ ಅವರು ಅಷ್ಟು ದುಡ್ಡು ಯಾಕೆ ಹಾಕ್ತಿದ್ರು?

2024ರಲ್ಲಿ ಡೆಮಾಕ್ರಟರಿಗೆ ಅಧ್ಯಕ್ಷ ಸ್ಥಾನಕ್ಕೆ ನಿಜವಾದ ಪ್ರೈಮರಿಯೇ ನಡೆಯಲಿಲ್ಲ. ಬೈಡನ್ ಎದುರು ದೊಡ್ಡವರು ಯಾರೂ ನಿಲ್ಲಲಿಲ್ಲ. ಜುಲೈ 21ಕ್ಕೆ ಅವರು ಹಿಂದೆ ಸರಿದಾಗ ಹ್ಯಾರಿಸ್ ಒಂದೂ ಪ್ರೈಮರಿ ಎದುರಿಸದೆ ಅಭ್ಯರ್ಥಿ ಆದ್ರು. ಹೈಕಮಾಂಡ್ ಟಿಕೆಟ್ ಅಂದ್ರೆ ತಪ್ಪಾಗಲ್ಲ. ಬಾಡಿಗೆ, ಆಸ್ಪತ್ರೆ ಬಿಲ್, ಗಾಜಾ, ಈ ಮೂರರ ಬಗ್ಗೆಯೂ ಅವರನ್ನ ಅವರದ್ದೇ ಮತದಾರರು ಎದುರಾ ಎದುರು ಕೇಳೋ ಅವಕಾಶವೇ ಬರಲಿಲ್ಲ.

ಆದ್ರೂ ಮಿಷಿಗನ್ ಜನ ಒಂದು ಪ್ರಯತ್ನ ಮಾಡಿದ್ರು. 2024ರ ಫೆಬ್ರವರಿ 27ರ ಪ್ರೈಮರಿಯಲ್ಲಿ ‘ಅನ್‌ಕಮಿಟೆಡ್’, ಅಂದ್ರೆ ‘ಇನ್ನೂ ಯಾರಿಗೂ ಒಪ್ಪಿಗೆ ಇಲ್ಲ’ ಅನ್ನೋ ಆಯ್ಕೆಗೆ 1 ಲಕ್ಷಕ್ಕೂ ಹೆಚ್ಚು ಜನ ಹಾಕಿದ್ರು. ನಮ್ಮ ನೋಟಾ ಥರ. ಸುಮಾರು ಶೇ 13. ಅವರು ನವೆಂಬರ್‌ವರೆಗೆ ಕಾಯದೆ, ಪಕ್ಷಕ್ಕೆ ಸರಿಪಡಿಸ್ಕೊಳ್ಳೋಕೆ ಎಂಟು ತಿಂಗಳು ಟೈಮ್ ಕೊಟ್ರು. ಪಕ್ಷ ಆ ಟೈಮನ್ನ ಹಾಳು ಮಾಡ್ಕೊಂಡಿತು. ಆಗಸ್ಟ್‌ನ ಶಿಕಾಗೊ ಸಮಾವೇಶದಲ್ಲಿ ಮುಖ್ಯ ವೇದಿಕೆಯಿಂದ ಒಬ್ಬ ಪ್ಯಾಲೆಸ್ತೀನ್ ಮೂಲದ ಅಮೆರಿಕನ್‌ಗೆ ಮಾತಾಡೋಕೂ ಬಿಡಲಿಲ್ಲ. ನವೆಂಬರ್‌ನಲ್ಲಿ ಮಿಷಿಗನ್‌ನಲ್ಲಿ ಸೋತ ಅಂತರ ಸುಮಾರು 80 ಸಾವಿರ. ಬೆಲೆ ಏರಿಕೆ, ವಲಸೆ ಅಂತ ಸೋಲಿಗೆ ಬೇರೆ ಕಾರಣಗಳೂ ಇದ್ವು. ಆದ್ರೆ ಎಚ್ಚರಿಕೆ ಕೊಟ್ಟಿರಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ನನ್ನ ಹತ್ರ ಎರಡು ಮತ ಇವೆ. ನವೆಂಬರ್‌ದು ತಡೆಯೋ ಮತ. ಪ್ರೈಮರಿಯದ್ದು ಕೇಳೋ ಮತ. ತಡೆಯೋ ಮತದಲ್ಲಿ ಏನೋ ಸಿಗುತ್ತೆ ಅಂತ ಕಾದ್ರೆ ನಿರಾಸೆಯೇ ಗಟ್ಟಿ, ಯಾಕಂದ್ರೆ ಆ ಹೊತ್ತಿಗೆ ಪಕ್ಷಕ್ಕೆ ಗೊತ್ತಿರುತ್ತೆ, ನಾನು ಎಲ್ಲೂ ಹೋಗಲ್ಲ ಅಂತ. ಕೇಳೋ ಮತವನ್ನ ಬಿಟ್ಟುಕೊಟ್ಟು, ತಡೆಯೋ ಮತವನ್ನೂ ಬಿಸಾಕಿದ್ರೆ ಪಕ್ಷಕ್ಕೆ ಪಾಠ ಆಗಲ್ಲ. ಮೆಡಿಕೈಡ್ ಕಳ್ಕೊಳ್ಳೋ ಮನೆಗೆ ಪಾಠ ಆಗುತ್ತೆ.

ಇದಕ್ಕೆ ಪಕ್ಷದ ಮಧ್ಯಮಪಂಥೀಯರು ಹೇಳೋ ಉತ್ತರ ನಂಗೆ ಗೊತ್ತು. “ನಿಮ್ಮಂಥವರಿಗೆ ಪ್ರೈಮರಿಯಲ್ಲಿ ಟಿಕೆಟ್ ಕೊಟ್ರೆ ನವೆಂಬರ್‌ನಲ್ಲಿ ಸೋಲ್ತೀವಿ.” ಕೆಲವು ಕಡೆ ಅದು ನಿಜ. ವೆಸ್ಟ್ ವರ್ಜೀನಿಯಾದಲ್ಲಿ ಮ್ಯಾಂಚಿನ್ ಬಿಟ್ಟು ಬೇರೆ ಡೆಮಾಕ್ರಟ್ ಗೆಲ್ತಿರಲಿಲ್ಲ ಅನ್ನೋದನ್ನ ನಾನೂ ಒಪ್ತೀನಿ. ಆದ್ರೆ ಕೆಳಮನೆಯ 435 ಕ್ಷೇತ್ರಗಳಲ್ಲಿ ನಿಜವಾದ ಪೈಪೋಟಿ ಇರೋದು ಕೆಲವೇ ಡಜನ್ ಕಡೆ. ಉಳಿದವುಗಳಲ್ಲಿ ಒಂದೇ ಪಕ್ಷದ ಗೆಲುವು ಖಚಿತ. ಡೆಮಾಕ್ರಟರು ಹೇಗಿದ್ರೂ ಗೆಲ್ಲೋ ಕ್ಷೇತ್ರದಲ್ಲಿ ಹೆದರಿಕೊಂಡು ಮಾತಾಡೋ ಅಭ್ಯರ್ಥಿ ಯಾಕೆ ಬೇಕು?

ಇನ್ನೊಂದು. ಜನ ಈ ವಿಷಯಗಳನ್ನ ಬೇಡ ಅಂತಿದ್ದಾರಾ? 2020ರ ನವೆಂಬರ್‌ನಲ್ಲಿ ಫ್ಲೋರಿಡಾ ಟ್ರಂಪ್‌ಗೆ ಮತ ಹಾಕಿತು. ಅದೇ ದಿನ, ಅದೇ ಜನ ಕನಿಷ್ಠ ವೇತನ 15 ಡಾಲರ್ ಮಾಡೋ ಪ್ರಸ್ತಾಪಕ್ಕೆ ಶೇ 60ಕ್ಕಿಂತ ಹೆಚ್ಚು ಬೆಂಬಲ ಕೊಟ್ರು! ಅಂದ್ರೆ 15 ಡಾಲರ್ ಬೇಕು, ಆದ್ರೆ ಅದನ್ನ ಕೊಡ್ತೀವಿ ಅಂದ ಪಕ್ಷದ ಮೇಲೆ ನಂಬಿಕೆ ಇಲ್ಲ. ನನ್ನ ಪಕ್ಷ ಇದನ್ನ ಫ್ರೇಮ್ ಹಾಕಿಸಿ ಕಚೇರಿಯಲ್ಲಿ ತೂಗುಹಾಕಬೇಕು.

ಮಿಷಿಗನ್‌ನಲ್ಲಿ ಏನಾಯ್ತು ಅಂತಲೂ ಹೇಳಿಬಿಡ್ತೀನಿ. ನಮ್ಮಲ್ಲಿ ಕ್ಷೇತ್ರಗಳ ಗಡಿಯನ್ನ ಶಾಸಕರೇ ತಮಗೆ ಬೇಕಾದ ಹಾಗೆ ಎಳೀತಿದ್ರು. 2016ರ ಚುನಾವಣೆ ಮುಗಿದ ಎರಡು ದಿನಕ್ಕೆ ಕೇಟಿ ಫೇಹಿ ಅನ್ನೋ ಯುವತಿ ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಾಕಿದ್ರು: ಈ ಗಡಿ ಮೋಸ ನಿಲ್ಲಿಸೋಣ, ಯಾರು ಬರ್ತೀರಿ ಅಂತ. ರಾಜಕೀಯದ ಅನುಭವ ಇಲ್ಲದ ಸ್ವಯಂಸೇವಕರು 4 ಲಕ್ಷಕ್ಕೂ ಹೆಚ್ಚು ಸಹಿ ತಂದ್ರು. 2018ರಲ್ಲಿ ಸುಮಾರು ಶೇ 61 ಮತದಿಂದ ಪಾಸ್ ಆಯ್ತು. ಈಗ ಗಡಿ ಎಳೆಯೋದು ಸಾಮಾನ್ಯ ನಾಗರಿಕರ ಆಯೋಗ. 2022ರಲ್ಲಿ ಹೊಸ ಗಡಿಯಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಸುಮಾರು 40 ವರ್ಷದಲ್ಲಿ ಮೊದಲ ಬಾರಿ ರಾಜ್ಯದ ಎರಡೂ ಮನೆ, ಗವರ್ನರ್ ಸ್ಥಾನ ಎಲ್ಲಾ ಡೆಮಾಕ್ರಟರಿಗೆ ಬಂತು. ಅದೇ ದಿನ ಗರ್ಭಪಾತದ ಹಕ್ಕನ್ನ ಜನ ರಾಜ್ಯದ ಸಂವಿಧಾನಕ್ಕೇ ಸೇರಿಸಿದ್ರು. ಮರುವರ್ಷ ಸರ್ಕಾರಿ ಶಾಲೆಯ ಎಲ್ಲಾ ಮಕ್ಕಳಿಗೂ ಉಚಿತ ತಿಂಡಿ, ಊಟ ಶುರುವಾಯ್ತು. ನಮ್ಮ ಬಿಸಿಯೂಟ ನೆನಪಾಗಿ ನಂಗೆ ಅವತ್ತು ನಿಜವಾಗ್ಲೂ ಖುಷಿಯಾಯ್ತು.

ಎಲ್ಲಾ ಕಡೆ ಹೀಗೇ ಆಗಲ್ಲ. ಮಿಸೌರಿಯ ಜನ 2024ರಲ್ಲಿ ಸಂಬಳ ಸಹಿತ ಅನಾರೋಗ್ಯ ರಜೆ ಗೆದ್ರು. 2025ರಲ್ಲಿ ಅಲ್ಲಿನ ಶಾಸಕರು ಅದನ್ನ ರದ್ದು ಮಾಡಿದ್ರು. ಗೆದ್ದದ್ದನ್ನ ಕಾಯೋಕೂ ಜನ ಬೇಕು.

ಈ ವರ್ಷ, 2026ರ ಆಗಸ್ಟ್ 4ಕ್ಕೆ ಮಿಷಿಗನ್‌ನಲ್ಲಿ ಪ್ರೈಮರಿ. ನವೆಂಬರ್ 3ಕ್ಕೆ ಚುನಾವಣೆ. ಸೆನೆಟರ್ ಗ್ಯಾರಿ ಪೀಟರ್ಸ್ ಮತ್ತೆ ನಿಲ್ಲಲ್ಲ ಅಂದಿದ್ದರಿಂದ ಒಂದು ಸೆನೆಟ್ ಸ್ಥಾನ ಖಾಲಿ ಆಗ್ತಿದೆ. ಯಾರಿಗೆ ಹಾಕಿ ಅಂತ ನಾನು ಇಲ್ಲಿ ಹೇಳಲ್ಲ. ಆದ್ರೆ ಪ್ರಚಾರಕ್ಕೆ ಬಂದವರಿಗೆಲ್ಲ ನಾನು ಕೇಳೋ ಪ್ರಶ್ನೆ ಮೂರೇ. ಫಿಲಿಬಸ್ಟರ್ ತೆಗೆಯೋಕೆ ಮತ ಹಾಕ್ತೀರಾ? 7 ಡಾಲರ್ 25 ಸೆಂಟ್ ಬದಲಾಯಿಸೋಕೆ ನಿಮ್ಮ ಪಕ್ಷದವರನ್ನೇ ಎದುರು ಹಾಕ್ಕೊಳ್ತೀರಾ? ನಿಮ್ಮ ಪ್ರಚಾರದ ದುಡ್ಡು ಯಾರದ್ದು? ‘ಪರಿಶೀಲಿಸ್ತೀನಿ’ ಅನ್ನೋ ಉತ್ತರ ಬಂದ್ರೆ ಆ ಹೆಸರಿನ ಮುಂದೆ ಗೀಟು. ಪ್ರೈಮರಿಯಲ್ಲಿ ನನ್ನವರು ಸೋತ್ರೂ ನವೆಂಬರ್ 3ಕ್ಕೆ ಹೋಗ್ತೀನಿ, ಗೆದ್ದ ಡೆಮಾಕ್ರಟ್‌ಗೇ ಹಾಕ್ತೀನಿ. ಸಂತೋಷದಿಂದ ಹಾಕ್ತೀನಿ ಅಂತ ಮಾತ್ರ ಭಾಷೆ ಕೊಡಲ್ಲ.

ಕೊನೆಯದಾಗಿ ಇದನ್ನ ಕೇಳ್ತಿರೋ ಇಬ್ಬರಿಗೆ ಎರಡು ಮಾತು. ಎಚ್1ಬಿ, ಗ್ರೀನ್ ಕಾರ್ಡ್‌ನಲ್ಲಿ ಇರೋರಿಗೆ ಅಮೆರಿಕದಲ್ಲಿ ಮತ ಇಲ್ಲ, ಅದು ಪೌರರಿಗೆ ಮಾತ್ರ. ಆದ್ರೆ ಅಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ಕನ್ನಡ ಮಾತಾಡೋ 18, 20 ವರ್ಷದ ಮಕ್ಕಳಿದ್ದೀರಲ್ಲ, ನಿಮ್ಮ ಅಪ್ಪ ಅಮ್ಮ ವರ್ಷಗಟ್ಟಲೆ ಲೈನಲ್ಲಿ ಕಾದದ್ದು ನಿಮಗೆ ಹುಟ್ಟಿನಿಂದಲೇ ಬಂದಿದೆ. ನಿಮ್ಮ ರಾಜ್ಯದ ಪ್ರೈಮರಿ ಯಾವತ್ತು ಅಂತ ಇವತ್ತೇ ಫೋನಲ್ಲಿ ಹುಡುಕಿ, ಕ್ಯಾಲೆಂಡರ್‌ಗೆ ಹಾಕಿ. ಎರಡು ನಿಮಿಷದ ಕೆಲಸ.

ಕರ್ನಾಟಕದಲ್ಲಿ ಕೇಳ್ತಿರೋರಿಗೆ: ಅಮೆರಿಕದವರ ಹತ್ರ ಇರೋದು, ನಮ್ಮ ಹತ್ರ ಇಲ್ಲದ್ದು ಒಂದಿದೆ, ಅದು ಬಿ ಫಾರಂ ಮೇಲಿನ ಹಕ್ಕು. ಅದನ್ನ ಅವರು ಬಳಸ್ತಿಲ್ಲ. ನೀವು ಕೇಳ್ತಾನೂ ಇಲ್ಲ. ಮುಂದಿನ ಸಲ ನಿಮ್ಮ ಕ್ಷೇತ್ರಕ್ಕೆ ಯಾವ ಪಕ್ಷದವರೇ ಬರಲಿ, ಗ್ಯಾರಂಟಿ ಎಷ್ಟು ಅಂತ ಕೇಳೋ ಮುಂಚೆ, ನಿಮಗೆ ಟಿಕೆಟ್ ಕೊಟ್ಟಿದ್ದು ಯಾರು, ಯಾಕೆ ಅಂತ ಒಂದು ಸಲ ಕೇಳಿ ನೋಡಿ. ಅವರ ಮುಖ ಹೇಗಾಗುತ್ತೆ ಅಂತ ನಂಗೂ ಬರೆದು ತಿಳಿಸಿ.